ಎರಡನೇ ಓಣಿಯ ಪಾಳಿ

ನಮ್ಮ ಊರಿನ ನೀರಿನ ವಾಟ್ಸ್ಆ್ಯಪ್ ಗ್ರೂಪ್ ನನ್ನದೇ ಯೋಚನೆ ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ದಿನಚರಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ 'ವಾಟರ್‌ಮನ್ ಕಾಕಾ ಕೇಳಿದರು' ಎಂದಿದೆ. ನೆನಪಿಗೆ ನನ್ನ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ ಇರಬೇಕು. ಹಾಗಾಗಿ ಇದನ್ನು ಬರೆಯುವಾಗ ದಿನಚರಿಯನ್ನು ಪಕ್ಕದಲ್ಲೇ ತೆರೆದಿಟ್ಟುಕೊಂಡಿದ್ದೇನೆ.

ಊರು ಯರಗಟ್ಟಿಗೂ ಬೈಲಹೊಂಗಲಕ್ಕೂ ನಡುವೆ ಇದೆ. ಗಂಡನಿಗೆ ನವಿಲುತೀರ್ಥದ ಕಡೆ ನೀರಾವರಿ ಕೆಲಸ, ನನಗೆ ಬೈಲಹೊಂಗಲದಲ್ಲಿ ಪಾಠ. ಇಬ್ಬರಿಗೂ ಬಸ್ಸು ಸಿಗುತ್ತದೆ ಎಂದು ಇಲ್ಲಿ ಬಾಡಿಗೆ ಮನೆ ಹಿಡಿದೆವು. ಊರಿಗೆ ಐದು ಓಣಿ, ಒಂದೇ ದೊಡ್ಡ ನೀರಿನ ಟಾಕಿ. ದಿನಕ್ಕೊಂದು ಓಣಿಗೆ ನೀರು. ಐದು ದಿನಕ್ಕೊಮ್ಮೆ ನಮ್ಮ ಪಾಳಿ. ಕರೆಂಟು ಹೋದ ದಿನ ಪಾಳಿ ಮುಂದಕ್ಕೆ ಜರುಗುತ್ತಿತ್ತು. ಆಗ ಊರಿನ ಹೆಂಗಸರೆಲ್ಲ ಪಂಚಾಯಿತಿಯ ವಾಟರ್‌ಮನ್ ಕಾಕಾನಿಗೆ ಫೋನ್ ಹಚ್ಚುತ್ತಿದ್ದರು.

"ಊಟಕ್ಕ ಕುಂತ್ರ ಫೋನು, ಜಳಕಕ್ಕ ಹ್ವಾದ್ರ ಫೋನು," ಎಂದು ಕಾಕಾ ಒಂದು ದಿನ ನಮ್ಮ ಕಟ್ಟೆಯ ಮೇಲೆ ಕುಳಿತು ಗೋಳಾಡಿದರು. "ನಾ ಏನ್ ಮಳೀರಾಜ ಏನ್ರಿ ಅಕ್ಕಾರ? ಒಂದ ಸಲ ಹೇಳಿದ್ರ ಎಲ್ಲಾರಿಗೂ ಮುಟ್ಟೂ ಹಂಗ ಏನರ ಮಾಡಾಕ ಬರತೈತೇನು?"

ಬಂತು. ಮನೆಗೊಂದು ನಂಬರು ಸೇರಿಸಿ ಗ್ರೂಪ್ ಮಾಡಿದೆ. ಪಾಳಿಯ ಪಟ್ಟಿ ಬರೆದೆ. ಬೆಳಿಗ್ಗೆ ಆರು ಗಂಟೆಗೆ 'ಇಂದು ಇಂಥ ಓಣಿಗೆ ನೀರು' ಎಂಬ ಸಂದೇಶ ತಾನಾಗಿಯೇ ಹೋಗುವಂತೆ ಆ್ಯಪ್ ಒಂದನ್ನು ಕೂಡಿಸಿದೆ. ಫೋನ್ ಇಲ್ಲದವರಿಗಾಗಿ ಹಿಟ್ಟಿನ ಗಿರಣಿಯ ಗೋಡೆಗೆ ಪಟ್ಟಿ ಅಂಟಿಸಿದೆ. ಕರೆಂಟು ಹೋದರೆ ಕಾಕಾ ನನಗೊಬ್ಬಳಿಗೆ ಹೇಳುವುದು, ನಾನು ಪಟ್ಟಿ ತಿದ್ದುವುದು. ಕಾಕಾ ನೆಮ್ಮದಿಯಾಗಿ ಊಟ ಮಾಡತೊಡಗಿದರು. ನೇಸರಗಿ ಕಡೆಯ ಪಂಚಾಯಿತಿ ಸದಸ್ಯರು ಬಂದು ನೋಡಿ ಹೋದರು. ಕಿತ್ತೂರಿನಿಂದ ಬರುವ ಸಹೋದ್ಯೋಗಿ ತಮ್ಮ ಓಣಿಗೂ ಬೇಕೆಂದು ನನ್ನ ಪಟ್ಟಿಯ ಪ್ರತಿ ಕೇಳಿದರು. ನಾನು ಸ್ವಲ್ಪ ಉಬ್ಬಿದ್ದೆ. ಇದು ದಿನಚರಿಯಲ್ಲಿಲ್ಲ, ಗಂಡ ನೆನಪಿಸಿದ್ದು.

ಒಂದು ಕೆಲಸವನ್ನು ಮಾತ್ರ ಕಾಕಾನಿಂದ ಬಿಡಿಸಿಬಿಟ್ಟಿದ್ದೆ. ಮೊದಲೆಲ್ಲ ಅವರು ವಾಲ್ವ್ ತಿರುಗಿಸುವ ಮುನ್ನ ಆ ಓಣಿಯ ಮೂಲೆಯಲ್ಲಿ ನಿಂತು, "ಇವತ್ತ ನಿಮ್ಮ ಪಾಳಿ ಐತಿ. ಯಾರದರ ಕಾರ್ಯ ಐತೇನ್ರಿ?" ಎಂದು ಕೇಳುತ್ತಿದ್ದರು. ನಾನದನ್ನು ಹರಟೆ ಎಂದುಕೊಂಡಿದ್ದೆ. "ಇನ್ನ ಕೂಗೂದು ಬ್ಯಾಡ ಕಾಕಾ, ಮೊಬೈಲ್ ನೋಡಿ ಬಿಟ್ಟಬಿಡ್ರಿ," ಎಂದಿದ್ದೆ.

ಒಂದು ಬುಧವಾರ, ಊರಿಗೆಲ್ಲ ಚಿಕ್ಕಮ್ಮನಂತಿದ್ದ ನಾಲ್ಕನೇ ಓಣಿಯ ಖಾಲಾ ಒಂದು ಬಟ್ಟಲು ಸಕ್ಕರೆ ಹಿಡಿದುಕೊಂಡು ಬಂದರು. ಅವರ ಗಂಡ ಟೆಂಪೊ ಓಡಿಸುತ್ತಾರೆ.

"ಮಗಳ ಶಾದಿ ಐತ್ರಿ ಅಕ್ಕಾರ, ರವಿವಾರ. ಶನಿವಾರ ನಿಮ್ಮ ಓಣಿದಲ್ಲ? ಈಗ ಎಲ್ಲಾ ನಿಮ್ಮ ಕೈಯಾಗ ಐತಿ ಅಂತ ನಿಮ್ಮ ಕಡೇನ ಬಂದೆ. ತಗೋರಿ."

ಶನಿವಾರ, ನಿಮ್ಮ ಓಣಿ ಎಂಬ ಮಾತುಗಳು ಕಿವಿಗೆ ಬಿದ್ದವು, ಒಳಗೆ ಇಳಿಯಲಿಲ್ಲ. ಮದುವೆಯ ಸಂತೋಷಕ್ಕೆ ಸಕ್ಕರೆ ಹಂಚುತ್ತಿದ್ದಾರೆ ಎಂದುಕೊಂಡೆ. ಅಥವಾ ಆಗ ಏನನ್ನೂ ಅಂದುಕೊಳ್ಳದೆ, ಈಗ ಈ ನೆಪ ಹುಡುಕುತ್ತಿದ್ದೇನೋ. ಸಕ್ಕರೆಯನ್ನು ಡಬ್ಬಿಗೆ ಸುರುವಿಕೊಂಡು, ಬಟ್ಟಲನ್ನು ತೊಳೆದು, ಶುಭ ಹಾರೈಸಿ ಕೊಟ್ಟೆ. ಖಾಲಾ ತುಂಬಾ ಖುಷಿಯಾಗಿ ಹೋದರು.

ಶನಿವಾರ ಆರು ಗಂಟೆಗೆ ಸಂದೇಶ ಹೋಯಿತು: ಇಂದು ಎರಡನೇ ಓಣಿಗೆ ನೀರು. ನಮ್ಮ ಓಣಿಯವರೆಲ್ಲ ಮನೆ ಮೇಲಿನ ಟಾಕಿ ತುಂಬಿಸಿಕೊಂಡೆವು. ನಾನು ಹಾಸಿಗೆಯ ಬಟ್ಟೆಗಳನ್ನೆಲ್ಲ ಒಗೆದು, ಅಂಗಳಕ್ಕೂ ನೀರು ಹೊಡೆದೆ. ಎಂಟು ಗಂಟೆಗೆ ಖಾಲಾ ಬಂದು ಒದ್ದೆ ಅಂಗಳದಲ್ಲಿ ನಿಂತರು.

"ಅಕ್ಕಾರ, ಸಕ್ಕರಿ ತಗೊಂಡ್ರಿ, ಪಾಳಿ ಕೊಡಲಿಲ್ಲ?"

ನನಗೆ ಅರ್ಥವಾಗಲಿಲ್ಲ. ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲಿಂದಲೇ ಬಿಡಿಸಿ ಹೇಳಿದರು. ಮದುವೆಯಂಥ ಕಾರ್ಯ ಇದ್ದ ಮನೆಯವರು, ನೀರು ಬೇಕಾದ ದಿನ ಯಾವ ಓಣಿಯ ಪಾಳಿ ಇದೆಯೋ ಆ ಓಣಿಗೆ ಸಕ್ಕರೆ ಒಯ್ಯಬೇಕು. ಪಾಳಿ ಕೊಡಲು ಆಗದಿದ್ದರೆ ಬಟ್ಟಲಿನಲ್ಲಿ ಅರ್ಧ ಉಳಿಸಿ ಹಿಂದಿರುಗಿಸಬೇಕು. ಖಾಲಿ ಬಟ್ಟಲು ಕೊಟ್ಟರೆ ಪಾಳಿ ಕೊಟ್ಟಂತೆ. ಆಮೇಲೆ ಕಾಕಾ ಓಣಿಯ ಮೂಲೆಯಲ್ಲಿ ಕೇಳಿದಾಗ ಅದನ್ನು ಅವರಿಗೆ ತಿಳಿಸುವುದು.

"ಈಕಿ ಖಾಲಿ ಅಷ್ಟ ಅಲ್ಲ, ತೊಳದೂ ಕೊಟ್ಟಾಳ," ಎಂದರು ಅಜ್ಜಿ. "ಎಂ.ಎ. ಮಾಡ್ಯಾಳಂತ!"

ಖಾಲಾ ನಗಲಿಲ್ಲ. ರಾಮದುರ್ಗದ ಬೀಗರನ್ನು ಕರೆತರಲು ಗಂಡ ಟೆಂಪೊ ತೆಗೆದುಕೊಂಡು ಹೋಗಿದ್ದಾರೆ. ಮನೆಯಲ್ಲಿದ್ದ ಒಂದೇ ಫೋನು ಅವರ ಜೇಬಿನಲ್ಲಿದೆ. ಅಡುಗೆಯವರು ಮಧ್ಯಾಹ್ನ ಬರುತ್ತಾರೆ. ಅಂಗಳದಲ್ಲಿ ಖಾಲಿ ಡ್ರಮ್ಮುಗಳು ಸಾಲಾಗಿ ನಿಂತಿವೆ. "ನೀರಿಲ್ಲದ ಮನ್ಯಾಗ ಬೀಗರನ್ನ ಹ್ಯಾಂಗ ಕೂಡಸ್ಲಿ?" ಎಂದು ಕೇಳಿದರು.

ಓಡಿ ಹೋಗಿ ಕಾಕಾನನ್ನು ಹಿಡಿದೆ. ಊರ ಟಾಕಿಯ ತಳ ಕಾಣಿಸುತ್ತಿತ್ತು. ಮತ್ತೆ ತುಂಬಬೇಕಾದರೆ ಮರುದಿನ ಬೆಳಗಾಗಬೇಕು. ಟ್ಯಾಂಕರಿನವನಿಗೆ ಫೋನ್ ಮಾಡಿದರೆ, ಎಲ್ಲಾ ಕಡೆ ಮದುವೆ, ಸಂಜೆಗೂ ಆಗದು ಎಂದ.

"ಕೇಳೂದು ನೀವ ಬಿಡಸಿದ್ರಿ," ಎಂದರು ಕಾಕಾ. ಸಿಟ್ಟಿನಿಂದಲ್ಲ, ಅದೇ ಹೆಚ್ಚು ಚುಚ್ಚಿತು. ಆಮೇಲೆ ಹಣೆ ಒರೆಸಿಕೊಂಡು, "ನೀರ ಎಲ್ಲೂ ಓಡಿ ಹೋಗಿಲ್ಲ ಅಕ್ಕಾರ. ನಿಮ್ಮ ಓಣ್ಯಾಗಿನ ಮನಿಗೋಳ ಮ್ಯಾಲ ಕುಂತೈತಿ. ಇಳಸೂದ ಅಷ್ಟ," ಎಂದರು.

ಗ್ರೂಪಿನಲ್ಲಿ ನನ್ನ ದನಿಯಲ್ಲೇ ಹೇಳಿ ಕಳಿಸಿದೆ: ತಪ್ಪು ನನ್ನದು, ಸಕ್ಕರೆಯ ಅರ್ಥ ಗೊತ್ತಿರಲಿಲ್ಲ, ನಮ್ಮ ಓಣಿಯವರು ಖಾಲಾನ ಮನೆಗೆ ನೀರು ಕೊಡಬೇಕು, ಇದ್ದವರೆಲ್ಲ ಪೈಪು ತನ್ನಿ. ಉತ್ತರಗಳು ಒಂದರ ಹಿಂದೊಂದು ಬಂದವು. 'ಅಕ್ಕಾರ ಚಾದಾಗ ಒಂದ ಓಣಿ ಪಾಳಿ ಕುಡದಾರ.' 'ನಮ್ಮ ಪೈಪ ಐತಿ, ತೂತ ಐತಿ, ನಡೀತೈತೇನ್ರಿ?' 'ಸಕ್ಕರಿ ಕಾಯ್ದೆ ಕಾಲೇಜಿನ್ಯಾಗ ಕಲಸೂದಿಲ್ಲೇನ್ರಿ?' ನಗುತ್ತಲೇ ಪೈಪು ಹೊತ್ತುಕೊಂಡು ಬಂದರು.

ಮನೆ ಮೇಲಿನ ಟಾಕಿಗಳು ಎತ್ತರದಲ್ಲಿದ್ದವು, ಖಾಲಾನ ಅಂಗಳ ತಗ್ಗಿನಲ್ಲಿತ್ತು. ಮೋಟಾರೇ ಬೇಕಾಗಲಿಲ್ಲ. ಕಾಕಾ ಪೈಪಿಗೆ ಪೈಪು ಕೂಡಿಸಿ, ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟುತ್ತಾ ಹೋದರು. ನಮ್ಮ ಮಾಳಿಗೆಯಿಂದ ಮೂರನೇ ಓಣಿಯ ಮಾಳಿಗೆಗಳ ಮೇಲೆ ಹಾಯ್ದು ನಾಲ್ಕನೆಯದಕ್ಕೆ. ಮೂರನೇ ಓಣಿಯವರು ಒಣಹಾಕಿದ್ದ ಮೆಣಸಿನಕಾಯಿಯನ್ನು ಬದಿಗೆ ಸರಿಸಿ ದಾರಿ ಬಿಟ್ಟರು. ಮೊದಲು ನಮ್ಮ ಟಾಕಿ ಇಳಿಸಿದೆವು, ಆಮೇಲೆ ಅಜ್ಜಿಯದು, ಆಮೇಲೆ ಮುಂದಿನ ಮನೆಗಳದ್ದು. ಡ್ರಮ್ಮುಗಳು ಎಷ್ಟಿದ್ದವು? ಹತ್ತು ಎನ್ನುತ್ತದೆ ನೆನಪು. ದಿನಚರಿಯಲ್ಲಿ ಆರು ಎಂದಿದೆ. ಆರೇ ಇರಬೇಕು.

ತುಂಬಿದ ಮೇಲೆ ನಿಲ್ಲಿಸುವುದು ಹೇಗೆ ಎಂದು ಯಾರೂ ಯೋಚಿಸಿರಲಿಲ್ಲ. ಖಾಲಾ ಕೆಳಗಿನಿಂದ "ಸಾಕು" ಎಂದರು. ಅದು ಮಾಳಿಗೆಯಿಂದ ಮಾಳಿಗೆಗೆ ದಾಟಿ ನನಗೆ ಮುಟ್ಟುವಷ್ಟರಲ್ಲಿ ನೀರು ಮದುವೆಯ ಹಂದರದ ಕೆಳಗೆ ನಿಂತಿತ್ತು. ಆಗತಾನೇ ಬಂದಿದ್ದ ಅಡುಗೆಯವರು ಬೋರಲು ಹಾಕಿದ ಅಡುಗೆಯ ದೊಡ್ಡ ಡೇಗಿನ ಮೇಲೆ ಕಾಲು ಮಡಚಿ ಕುಳಿತಿದ್ದರು.

"ಅಕ್ಕಾರ, ಬೀಗರಿಗೆ ಊಟ ಹಾಕೂನು ಅಂದ್ರ, ಈಜಾಕ ಹಚ್ಚೀರೇನ್ರಿ?" ಎಂದು ಖಾಲಾ ಕೂಗಿದರು. ಬೆಳಗಿನಿಂದ ಅವರು ನಕ್ಕದ್ದು ಆಗಲೇ ಮೊದಲು.

ರವಿವಾರದ ಸಂದೇಶ ನನ್ನ ಆ್ಯಪಿನಿಂದ ಹೋಗಲಿಲ್ಲ. ಕಾಕಾ ಗ್ರೂಪಿನಲ್ಲಿ ತಮ್ಮ ದನಿಯಲ್ಲೇ ಹೇಳಿ ಕಳಿಸಿದರು: "ಇವತ್ತ ಮೂರನೇ ಓಣಿ. ಯಾರದರ ಕಾರ್ಯ ಐತೇನ್ರಿ? ಹತ್ತ ನಿಮಿಷ ಕಾಯತೇನಿ, ಆಮ್ಯಾಲ ಬಿಡತೇನಿ." ಅಂದಿನಿಂದ ಹಾಗೆಯೇ ನಡೆದಿದೆ. ಗಿರಣಿಯ ಪಟ್ಟಿಯ ಕೆಳಗೂ 'ಕಾರ್ಯ ಇದ್ದವರು' ಎಂದು ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಅದು ವಾರ ವಾರವೂ ತುಂಬುತ್ತದೆ.

ಆ ರವಿವಾರ ಮಧ್ಯಾಹ್ನ ನಮ್ಮ ಓಣಿಯವರೆಲ್ಲ ಮದುವೆಯ ಊಟಕ್ಕೆ ಹೋದೆವು. ಹಂದರದ ಕೆಳಗಿನ ನೆಲ ಇನ್ನೂ ಹಸಿಯಾಗಿತ್ತು. ಉಂಡು ಕೈ ತೊಳೆಯಲು ಹೋದರೆ ಮದುಮಗಳ ತಮ್ಮ ತಂಬಿಗೆ ಹಿಡಿದು ನಿಂತಿದ್ದ. "ಸಾಕಪ್ಪಾ," ಎಂದರೂ ಮೊಣಕೈವರೆಗೆ ಸುರಿದ. ಅವನ ಬೆನ್ನ ಹಿಂದೆ ಇನ್ನೂ ಎರಡು ಡ್ರಮ್ಮು ತುಂಬಿ ನಿಂತಿದ್ದವು.