ಮಾವನಿಗೆ ಹಾಕಿಸಿದ ಗೇಟು

ನಮ್ಮ ಮಾವ ಆಯುಷ್ಯವನ್ನೆಲ್ಲ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ಸವೆಸಿದವರು. ಒಬ್ಬ ಪ್ಯಾಸೆಂಜರ್ ಒಳಗಿದ್ದರೂ ಕಂಡಕ್ಟರ್ ಇಳಿಯುವ ಹಾಗಿಲ್ಲ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಮರೆವು ಅಮರಿಕೊಂಡಿತು. ಮಗನ ಹೆಸರು ಮರೆತರು, ನನ್ನ ಮುಖ ಮರೆತರು, ಡ್ಯೂಟಿಯೊಂದನ್ನು ಮಾತ್ರ ಮರೆಯಲಿಲ್ಲ. ಬೆಳಗಾದರೆ ಚರ್ಮದ ಚೀಲ ಹೆಗಲಿಗೇರಿಸಿ ಡಿಪೋಗೆ ಹೊರಟುಬಿಡುತ್ತಿದ್ದರು. ತುಕ್ಕು ಹಿಡಿದ ಗೇಟನ್ನು ತಳ್ಳಿದರೆ ಎದುರಿಗೇ ಲಾರಿಗಳ ರಸ್ತೆ. ಒಂದು ದಿನ ಲಾರಿಯೊಂದು ಅವರ ಚೀಲವನ್ನು ಸವರಿಕೊಂಡೇ ಹೋಯಿತು. ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಗೇಟು ಬದಲಿಸೋಣವೆಂದರೆ ನಮ್ಮ ಜಾಗವೇ ಸೊಟ್ಟ. ಕಾರು ಬರುವ ದಾರಿ ರಸ್ತೆಯ ಕಡೆ ಕಿರಿದು, ಒಳಗೆ ಅಗಲ, ಸಾಲದ್ದಕ್ಕೆ ಮನೆಯತ್ತ ಏರು. ಒಳಕ್ಕೆ ತೆರೆದರೆ ಗೇಟು ನೆಲಕ್ಕೆ ಉಜ್ಜುತ್ತದೆ, ಹೊರಕ್ಕೆ ತೆರೆದರೆ ದಾರಿಹೋಕರ ಮೂಗಿಗೆ ಬಡಿಯುತ್ತದೆ. ಪಕ್ಕಕ್ಕೆ ಸರಿಯುವುದೇ ಇರಲಿ ಎಂದು ನಮ್ಮ ಯಜಮಾನರು ಹಠ ಹಿಡಿದರು. ಸರಿದ ಗೇಟು ಹೋಗಿ ಪಕ್ಕದ ಮನೆಯವರ ಅಡುಗೆಮನೆಯಲ್ಲಿ ನಿಲ್ಲಬೇಕೇ ಎಂದು ರೇಗಿದೆ. ಕೊನೆಗೆ ವೆಲ್ಡರ್ ದಾರ ಹಿಡಿದು ಅಳೆದು, ತಗಡಿನ ಕಿರಿದಾದ ನಾಲ್ಕು ಹಲಗೆ ಮಡಚಿಕೊಂಡು ಗೋಡೆಗೆ ಒತ್ತುವ ಗೇಟು ಮಾಡುತ್ತೇನೆ, ಹಲಗೆ ಕಿರಿದಾದರೆ ಏರಿಗೆ ತಾಗುವುದಿಲ್ಲ ಎಂದ.

ಗೇಟು ಕೂರಿಸುವ ದಿನ ನನ್ನ ಜೀವ ಕೈಯಲ್ಲಿತ್ತು. ಮಾವನನ್ನು ವರಾಂಡದ ಕುರ್ಚಿಯಲ್ಲಿ ಕೂರಿಸಿ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಹಲಗೆಗಳೇನೋ ನಿಂತವು, ಚಿಲಕ ಮಾತ್ರ ಕಂಬಕ್ಕೆ ಕೂಡಲಿಲ್ಲ. ಅದನ್ನು ಸರಿಮಾಡಿಸಿ ತರಲು ವೆಲ್ಡರ್ ಅಂಗಡಿಗೆ ಓಡಿದ, ಹಿಂದೆಯೇ ನಮ್ಮವರೂ ಹೋದರು. ಒಲೆಯ ಮೇಲಿನ ಹಾಲು ಉಕ್ಕಿದ ಸದ್ದಾಯಿತು. ಒಳಗೆ ಹೋಗಿ ಬರುವಷ್ಟರಲ್ಲಿ ಕುರ್ಚಿ ಖಾಲಿ, ಗೋಡೆಯ ಮೊಳೆಯಲ್ಲಿ ಅವರ ಚೀಲವಿಲ್ಲ.

ಮಾವ ಗೇಟಿನ ಹತ್ತಿರ ನಿಂತಿದ್ದರು. ಕೈ ಹಲಗೆಯ ಮೇಲಿತ್ತು. ಹೊರಗೆ ಲಾರಿಯೊಂದು ಇಳಿಜಾರಿನಲ್ಲಿ ಹಾರ್ನ್ ಹೊಡೆಯುತ್ತ ಬರುತ್ತಿತ್ತು. ನಾನು ಅಂಗಳಕ್ಕೆ ಇಳಿಯುವಷ್ಟರಲ್ಲಿ ಅವರು ತಳ್ಳಿದರು. ಹಲಗೆಗಳು ಒಂದರ ಮೇಲೊಂದು ಮಡಚಿಕೊಂಡವು. ಮಾವ ಗೇಟನ್ನು ಮೇಲಿಂದ ಕೆಳಗಿನವರೆಗೆ ನೋಡಿದರು, ಮಡಿಕೆಯನ್ನು ಸವರಿದರು. ಆಮೇಲೆ ಹಲಗೆಗಳನ್ನು ಎಳೆದು ಮುಚ್ಚಿ, ಬೆನ್ನು ಕೊಟ್ಟು ನಿಂತು ನನ್ನತ್ತ ತಿರುಗಿದರು. ಲಾರಿ ದಾಟಿಹೋಯಿತು.

"ಬಾಗ್ಲ ಹತ್ರ ಬರ್ಬೇಡಮ್ಮ, ಬಸ್ಸು ಓಡ್ತಾ ಇದೆ," ಎಂದರು. "ನಿಂದು ಯಾವ ಸ್ಟಾಪು?"

ಎಷ್ಟೋ ತಿಂಗಳ ಮೇಲೆ ಆ ಕಣ್ಣುಗಳಲ್ಲಿ ಗೊಂದಲವಿರಲಿಲ್ಲ. ನನಗೆ ಅಳು ಒತ್ತರಿಸಿ ಬಂತು.

"ನಂದು ಕೊನೇ ಸ್ಟಾಪು ಮಾವ," ಎಂದೆ.

ಹಾಗಾದರೆ ಹೋಗಿ ಕೂತುಕೋ ಎಂಬಂತೆ ತಲೆಯಾಡಿಸಿ, ಗೇಟನ್ನು ತಟ್ಟಿ "ರೈಟ್" ಎಂದರು.