ಕೇಸಿನಲ್ಲಿ ಇಲ್ಲದವರು

ಪುತ್ತೂರಿನಲ್ಲಿ ನಮಗೆ ಕಾನೂನು ಕಲಿಸಿದ ಮೇಷ್ಟ್ರು ಹಗಲೆಲ್ಲ ಕೋರ್ಟಿನಲ್ಲಿ ನಿಂತು, ಸಂಜೆ ಕರಿಕೋಟನ್ನು ತೋಳಿಗೆ ಹಾಕಿಕೊಂಡು ತರಗತಿಗೆ ಬರುತ್ತಿದ್ದರು. ಎಂಥ ತೀರ್ಪು ಓದಿದರೂ ಕನ್ನಡಕ ತೆಗೆದು ಕಣ್ಣುಜ್ಜಿ, “ಎಂತ ಮಾಡುದು, ಮುಂದೆ ಹೋಗುವ” ಎನ್ನುತ್ತಿದ್ದರು.

ಒಂದು ಸಂಜೆ ಅಮೆರಿಕದ ಸುಪ್ರೀಂ ಕೋರ್ಟಿನ ಇನ್ನೂರು ವರ್ಷ ಹಳೆಯ ತೀರ್ಪೊಂದು ಪಾಠಕ್ಕೆ ಬಂತು. ಮೂಲನಿವಾಸಿಗಳು ತಮ್ಮ ನೆಲದಲ್ಲಿ ಇರಬಹುದು, ಆದರೆ ಸರಕಾರಕ್ಕಲ್ಲದೆ ಯಾರಿಗೂ ಮಾರುವಂತಿಲ್ಲ ಎಂದಿತ್ತು ಅದು.

“ಅವರ ಪರ ವಕೀಲರು ಯಾರು ಸರ್?” ಎಂದೆ.

“ಅವರು ಕೇಸಲ್ಲೇ ಇರ್ಲಿಲ್ಲ ಮಾರಾಯ. ಜಗಳ ಬಿಳಿಯರೊಳಗೆ.”

“ನಮ್ಮ ಅಮ್ಮನ ಹಾಗೆ.”

“ಇವನ ಅಮ್ಮ ಅಮೆರಿಕದವ್ರು ಸರ್!” ಎಂದ ಹಿಂದಿನ ಬೆಂಚಿನವ. ಎಲ್ಲರೂ ನಕ್ಕರು.

ಮೇಷ್ಟ್ರು ನಗಲಿಲ್ಲ, ಮುಂದಕ್ಕೂ ಹೋಗಲಿಲ್ಲ. ತರಗತಿ ಬಿಟ್ಟ ಮೇಲೆ ನನ್ನನ್ನು ಕೂರಿಸಿ ವಿಷಯ ಕೇಳಿದರು. ಹೇಳಿದೆ. ಬೆಟ್ಟಂಪಾಡಿಯಲ್ಲಿ ನಮ್ಮ ಮನೆಯಿದ್ದ ಕುಮ್ಕಿ ಜಾಗ, ಅಂದರೆ ತೋಟದಂಚಿನ ಸರಕಾರಿ ನೆಲ, ತಂತಮ್ಮ ತೋಟಕ್ಕೆ ಸೇರಿದ್ದೆಂದು ಇಬ್ಬರು ಕೃಷಿಕರು ದಾವೆ ನಡೆಸುತ್ತಿದ್ದರು. ಯಾರು ಗೆದ್ದರೂ ನಾವು ಅಲ್ಲಿಂದ ಏಳಬೇಕಿತ್ತು. ಆ ದಾವೆಯಲ್ಲಿ ಅಮ್ಮನ ಹೆಸರೇ ಇರಲಿಲ್ಲ. ಮನೆಯಲ್ಲಿ ಮೊದಲು ಡಿಗ್ರಿ ಮಾಡಿದ ನನಗೂ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

“ನಾಳೆ ಅಮ್ಮನನ್ನು ಕರ್ಕೊಂಡು ಬಾ. ಅವರನ್ನೂ ಕೇಸಲ್ಲಿ ಪಾರ್ಟಿ ಮಾಡುವ.”

“ಗೆಲ್ತೇವಾ ಸರ್?”

“ಗೊತ್ತಿಲ್ಲ. ಸೋತರೂ ಕೇಳದೆ ಸೋಲುದು ಬೇಡ.”

ಅಮ್ಮನನ್ನು ಸೇರಿಸುವ ಅರ್ಜಿ ಒಪ್ಪಿಗೆಯಾಗುವಷ್ಟರಲ್ಲಿ ನಾವೆಲ್ಲ ದಣಿದಿದ್ದೆವು. ಕೇಸು ಈಗಲೂ ನಡೆಯುತ್ತಿದೆ. ಕೋರ್ಟಿನಲ್ಲಿ ಮೊದಲ ಸಲ ತನ್ನ ಹೆಸರು ಕೂಗಿದಾಗ ಅಮ್ಮ ಹೆದರಿ ಮೇಷ್ಟ್ರ ಬೆನ್ನ ಹಿಂದೆ ನಿಂತಳು. ಅವರು ಮೆಲ್ಲನೆ ಪಕ್ಕಕ್ಕೆ ಸರಿದರು.

“ನನ್ನ ಹಿಂದೆ ನಿಲ್ಬೇಡಿ ಅಕ್ಕ. ಜಡ್ಜರಿಗೆ ನೀವು ಕಾಣ್ಬೇಕು.”