ನಾರ್ಬಿ ಸರೋವರದ ತಳದ ಸೊಪ್ಪು

ನಮ್ಮ ಉತ್ತರ ಮಿನೆಸೋಟದಲ್ಲಿ ಚಳಿಗಾಲ ಬಂತೆಂದರೆ ಸರೋವರಗಳು ಗಟ್ಟಿಯಾಗುತ್ತವೆ, ಜನರ ಬುದ್ಧಿ ಮೆತ್ತಗಾಗುತ್ತದೆ. ಗಾಳಕ್ಕೆ ಸಿಕ್ಕಿಸುವ ಎರೆ ಮಾರುವ ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಹೋದ ವರ್ಷ ಮೀನು ಸಿಕ್ಕಿದ ಕಡೆಯೇ ಮಂಜುಗಡ್ಡೆಗೆ ತೂತು ಕೊರೆದು, ಉಳಿದದ್ದನ್ನು ದೇವರಿಗೆ ಬಿಡುವವರು. ಮೀನು ಸಿಗದಿದ್ದರೆ ಎರೆ ಸರಿಯಿಲ್ಲ ಎಂದುಕೊಂಡು ಬೇರೆ ಎರೆ ಕೊಳ್ಳುತ್ತಾರೆ. ನನ್ನ ಒಲೆ ಉರಿಯುವುದು ಇವರಿಂದಲೇ. ನೀರಿನ ತಳ ಓದಿ ಮೀನು ಹಿಡಿಯುವವರೂ ಇದ್ದಾರೆ, ಅಂದರೆ ಆರ್ಲಿಸ್ ಟ್ವೇಟ್ ಒಬ್ಬಳು. ಒಂದು ಡಬ್ಬಿ ಹುಳು ಕೊಂಡರೆ ವಾರವೆಲ್ಲ ತಳ್ಳುತ್ತಾಳೆ. ಇಂಥವರು ಇನ್ನೂ ನಾಲ್ವರಿದ್ದಿದ್ದರೆ ನಾನು ಅಂಗಡಿ ಮುಚ್ಚಬೇಕಿತ್ತು.

ಆರ್ಲಿಸ್ ಶಾಲೆಯ ಬಸ್ಸು ಓಡಿಸುತ್ತಾಳೆ. ಮನೆ ನಾರ್ಬಿ ಸರೋವರದ ದಂಡೆಯಲ್ಲೇ. ಮಕ್ಕಳನ್ನು ಇಳಿಸಿ ಬಂದು ಬೈರಿಗೆ ಹಿಡಿದು ದಂಡೆಯಿಂದ ಒಳಕ್ಕೆ ಸಾಲಾಗಿ ತೂತು ಕೊರೆಯುತ್ತಾಳೆ. ದಾರಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಡುತ್ತಾಳೆ. ಮರಳಾದರೆ ಗುಂಡು ಟಪ್ಪೆಂದು ಕೂರುತ್ತದೆ, ಕಲ್ಲಾದರೆ ಬೆರಳು ಜುಮ್ಮೆನ್ನುತ್ತದೆ, ಕೆಸರಾದರೆ ಮೇಲೆಳೆಯುವಾಗ ಯಾರೋ ಕೆಳಗೆ ಹಿಡಿದುಕೊಂಡ ಹಾಗೆ ಆಗುತ್ತದೆ. ಗುಂಡು ತಳ ಮುಟ್ಟುವ ಮೊದಲೇ ತಡವರಿಸಿದರೆ ಅಲ್ಲಿ ಸೊಪ್ಪಿದೆ. ಆಗ ಮೂರು ಮುಳ್ಳಿನ ಗಾಳ ಇಳಿಸಿ, ತಿರುಚಿ, ಒಂದು ಎಸಳು ಮೇಲೆ ತಂದು, ಕಿವಿಯ ಹತ್ತಿರ ಹಿಡಿದು ಮುರಿಯುತ್ತಾಳೆ. ನಾವು ಕೋಸು ಎನ್ನುವ ಆ ಅಗಲ ಎಲೆಯ ಸೊಪ್ಪು ಜೀವದಿಂದಿದ್ದರೆ ಚಟ್ಟೆನ್ನುತ್ತದೆ, ಅದರ ಬುಡದಲ್ಲಿ ಮೀನಿರುತ್ತದೆ. ಸದ್ದಿಲ್ಲದೆ ಬಾಗಿದರೆ ಬೈರಿಗೆ ಎತ್ತಿಕೊಂಡು ಮುಂದೆ ನಡೆಯಬೇಕು.

ಅವಳ ಗಂಡ ಡ್ವೇನ್ ಮರದ ಮಿಲ್ಲಿನಲ್ಲಿದ್ದವನು. ಒಂದು ಬೇಸಿಗೆಯಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಹೋಯಿತು, ಮಾತೂ ಹೋಯಿತು. ಮೊದಲೇ ಮಾತು ಕಡಿಮೆಯಿರುವ ನಮ್ಮ ನಾರ್ವೆ ಮೂಲದ ಗಂಡಸರಲ್ಲಿ ಎರಡನೆಯದನ್ನು ಪತ್ತೆ ಹಚ್ಚುವುದು ಸುಲಭವಲ್ಲ. ರಾತ್ರಿ ಊಟದ ತನಕ ತನಗೇ ತಿಳಿದಿರಲಿಲ್ಲ ಎಂದು ಊರಿಗೆಲ್ಲ ಹೇಳಿ ನಗಿಸಿದವಳು ಆರ್ಲಿಸ್ಸೇ. ಯಾರೂ ಅಯ್ಯೋ ಪಾಪ ಎನ್ನುವ ಮೊದಲೇ ನಗಿಸಿಬಿಡುವುದು ಅವಳ ಅಭ್ಯಾಸ.

ಸರೋವರ ಗಟ್ಟಿಯಾದದ್ದೇ, ಡ್ವೇನ್‌ನನ್ನು ಮನೆ ಬಾಗಿಲಿನಿಂದ ಜಾರುಬಂಡಿಯಲ್ಲಿ ಕೂರಿಸಿ, ಕೋಸು ಹಾಸಿಕೊಂಡಿದ್ದ ಜಾಗದ ನೇರಕ್ಕೆ ಮಂಜುಗಡ್ಡೆಯ ಮೇಲೆ ನಿಲ್ಲಿಸಿದ್ದ, ಒಳಗೆ ಕೂತು ಮೀನು ಹಿಡಿಯುವ ಮರದ ಗೂಡಿಗೆ ಎಳೆದೊಯ್ಯತೊಡಗಿದಳು. ಎಡಗೈಗೆ ಮೊಳದುದ್ದದ ಗಾಳದ ಕೋಲು ಕೊಟ್ಟಳು. ಮೀನು ಜಗ್ಗಿದಾಗ ಅವನ ಮುಖ ಹಳೆಯ ಮುಖವಾಗುತ್ತಿತ್ತು.

"ಆಸ್ಪತ್ರೆಯವ್ರು ಹಿಸುಕೋಕೆ ರಬ್ಬರ್ ಚೆಂಡು ಕೊಟ್ಟಿದ್ರಲ್ಲ?" ಎಂದು ಕೇಳಿದೆ.

"ಚೆಂಡು ತಿರುಗಿ ಎಳೆಯಲ್ಲ, ಲಾಯ್ಡ್. ದಿನಕ್ಕೊಂದು ಸಲನಾದ್ರೂ ಯಾರಾದ್ರೂ ಅವನನ್ನ ಏನಾದ್ರೂ ಕೇಳ್ಬೇಕು. ಮೀನು ಕೇಳುತ್ತೆ."

ಆ ವರ್ಷ ಮಂಜುಗಡ್ಡೆ ಕಟ್ಟಿದ ಬೆನ್ನಿಗೇ ಹಿಮ ಬಿತ್ತು. ಬಿದ್ದದ್ದು ಕರಗಲಿಲ್ಲ, ಅದರ ಮೇಲೆ ಮತ್ತೆ ಬಿತ್ತು. ಕ್ರಿಸ್‌ಮಸ್ ಕಳೆದು ಒಂದು ಬೆಳಗ್ಗೆ ಆರ್ಲಿಸ್ ಬಂದು ಕೋಸಿನ ಎಸಳೊಂದನ್ನು ನನ್ನ ಗಲ್ಲಾದ ಮೇಜಿನ ಮೇಲೆ ಇಟ್ಟಳು.

"ತೆಗಿ ತೆಗಿ. ಜನ ಇಲ್ಲಿ ಬನ್ನು ತಿಂತಾರೆ."

"ನಿನ್ನ ಬನ್ನಿಗಿಂತ ಇದೇ ತಾಜಾ. ಮುರಿದು ನೋಡು."

ಮುರಿದೆ. ಬುಡ ಚಟ್ಟೆಂದಿತು. ತುದಿ ಹಳೆಯ ಲಾಡಿಯ ಹಾಗೆ ಬಾಗಿತು. ಕಂದು ಬಣ್ಣ.

"ಹಿಮ ಮುಚ್ಚಿ ಬೆಳಕು ಸಾಲ್ತಿಲ್ಲ. ಬದುಕಿದ್ರೆ ಇದೇ ನೀರಿಗೆ ಉಸಿರು ಕೊಡೋದು. ಸತ್ರೆ ಇರೋ ಉಸಿರನ್ನೂ ಕುಡಿದುಬಿಡುತ್ತೆ. ಆಮೇಲೆ ಮೀನು ಹೋಗೋದೆಲ್ಲಿಗೆ?"

ಮೀನುಗಾರಿಕೆ ಇಲಾಖೆಯ ಹುಡುಗಿ ಬಂದು ನೀರು ಅಳೆದಳು. ಒಳ್ಳೆಯ ಹುಡುಗಿ, ಕೆಲಸ ಬಲ್ಲವಳು. ಆರ್ಲಿಸ್ ಹೇಳಿದ್ದನ್ನೇ ಹೇಳಿದಳು. ನೀರಿಗೆ ಗಾಳಿ ಊದುವ ಯಂತ್ರಗಳು ದೊಡ್ಡ ಸರೋವರಗಳಿಗೇ ಸಾಲುತ್ತಿಲ್ಲ, ನಾರ್ಬಿಗೆ ಬರುವುದಿಲ್ಲ ಎಂದು ತನ್ನದೇ ತಪ್ಪೆಂಬಂತೆ ಹೇಳಿ ಹೋದಳು. ಬೇರೆ ಸರೋವರಕ್ಕೆ ಡ್ವೇನ್‌ನನ್ನು ಸಾಗಿಸೋಣವೆಂದರೆ ಆರ್ಲಿಸ್‌ಗೆ ಬೆಳಗಿನ ಬಸ್ಸಿಗೂ ಸಂಜೆಯ ಬಸ್ಸಿಗೂ ನಡುವೆ ಅಷ್ಟು ಹೊತ್ತಿಲ್ಲ.

ಆರ್ಲಿಸ್ ತನ್ನ ಹಳೆಯ ಟ್ರಕ್ಕಿನ ಮುಂದೆ ಹಿಮ ತಳ್ಳುವ ಹಲಗೆ ಸಿಕ್ಕಿಸಿ ಸರೋವರಕ್ಕೆ ಇಳಿದಳು. ಕೋಸಿನ ಹಾಸಿನ ಮೇಲಿನ ಹಿಮವನ್ನಷ್ಟೂ ತಳ್ಳಿ, ಅಂಗಳದ ಹಾಗೆ ಬಳಿದಿಟ್ಟಳು. ಕಪ್ಪು ಗಾಜಿನಂಥ ಮಂಜುಗಡ್ಡೆಯೊಳಗೆ ಬಿಸಿಲು ಇಳಿಯಿತು. ಸ್ವಲ್ಪ ದಿನದಲ್ಲೇ ಎಸಳು ತುದಿಯ ತನಕ ಚಟ್ಟೆನ್ನತೊಡಗಿತು. ಸುತ್ತಲಿನ ಮೀನೆಲ್ಲ ಆ ಬೆಳಕಿನಡಿಗೆ ಸೇರಿತು. ಡ್ವೇನ್ ಅಂಗೈ ಅಗಲದ ಸನ್‌ಫಿಶ್‌ಗಳನ್ನು ಒಂದರ ಹಿಂದೊಂದು ಎಳೆದ. ಆರ್ಲಿಸ್ ಖುಷಿಯಲ್ಲಿ ಈ ಸುದ್ದಿಯನ್ನು ಚರ್ಚಿನ ಕಾಫಿಯ ಹೊತ್ತಿನಲ್ಲಿ ಹೇಳಿದಳು. ಅಲ್ಲಿ ಹೇಳಬಾರದಿತ್ತು.

ನಮ್ಮ ಊರಿನವರು ಒಳ್ಳೆಯವರು. ಅದೇ ತೊಂದರೆ. ಡ್ವೇನ್ ಕೋಲು ಹಿಡಿದಿದ್ದಾನೆ, ಒಬ್ಬನೇ ಕೂತಿದ್ದಾನೆ ಎಂದು ತಿಳಿದದ್ದೇ ತಡ, ಗಾರ್ಡಿ ಲಿಂಡ್ ತನ್ನ ಗೂಡನ್ನು ಎಳೆದು ತಂದು ಪಕ್ಕದಲ್ಲೇ ನಿಲ್ಲಿಸಿದ. ಗಾರ್ಡಿ ಮಿಲ್ಲಿನಲ್ಲಿ ಡ್ವೇನ್‌ನ ಜೊತೆಗಾರ. ಅವನ ಹಿಂದೆ ಮಿಲ್ಲಿನ ಉಳಿದವರು, ಅವರ ಹಿಂದೆ ಆಲೂಗಡ್ಡೆ ಮಾಂಸ ಬೇಯಿಸಿದ ಪಾತ್ರೆ ಹಿಡಿದ ಅವರ ಹೆಂಡಿರು. ಬಳಿದಿಟ್ಟ ಜಾಗ, ಗೂಡು ನಿಲ್ಲಿಸಲು ಇದಕ್ಕಿಂತ ಅನುಕೂಲ ಬೇರೆಲ್ಲಿ? ಗೂಡು ನಿಲ್ಲಿಸಿದ ಮೇಲೆ ಕೆಳಗಿನ ಸಂದಿಯಲ್ಲಿ ಗಾಳಿ ನುಗ್ಗದ ಹಾಗೆ ಸುತ್ತಲೂ ಹಿಮ ಒತ್ತುವುದು ನಮ್ಮಲ್ಲಿ ಅಪ್ಪನ ಕಾಲದಿಂದ ಬಂದ ಪದ್ಧತಿ. ಆರ್ಲಿಸ್ ಆಚೆ ತಳ್ಳಿದ್ದ ಹಿಮವನ್ನೇ ಸಲಿಕೆಯಲ್ಲಿ ತಂದು ಒತ್ತಿದರು. ಡ್ವೇನ್‌ನ ಗೂಡಿಗೆ ಎರಡು ಪಟ್ಟು ಒತ್ತಿದರು, ಅವನಿಗೆ ಚಳಿಯಾಗಬಾರದಲ್ಲ.

ನಾನು ಹೋದಾಗ ಆರ್ಲಿಸ್ ಮಾತಾಡುತ್ತಿದ್ದಳು. ನಮ್ಮ ಕಡೆ ನೇರವಾಗಿ ಬೇಡವೆನ್ನುವುದು ಮೈಮೇಲೆ ಬಟ್ಟೆಯಿಲ್ಲದೆ ನಿಂತ ಹಾಗೆ.

"ಆಚೆ ದಡದ ಬಂಡೆ ಕಡೆನೂ ಮೀನು ಚೆನ್ನಾಗಿರಬಹುದು ಗಾರ್ಡಿ."

"ಇರಬಹುದು. ಆದ್ರೆ ಇವನೊಬ್ಬನೇ ಆಗಿಬಿಡ್ತಾನಲ್ಲ."

"ಅವನಿಗೆ ಅಭ್ಯಾಸ ಇದೆ."

"ಅದಕ್ಕೇ ನೋಡು, ನಾವು ಬಂದಿದ್ದು."

"ನೆರಳು ಸ್ವಲ್ಪ ಜಾಸ್ತಿ ಆಯ್ತೇನೋ."

"ಜನವರಿಯಲ್ಲಿ ನೆರಳಿನ ಚಿಂತೆ ಮಾಡೋಳು ನೀನೊಬ್ಬಳೇ ಬಿಡು," ಎಂದು ಗಾರ್ಡಿ ನಗುತ್ತ ಇನ್ನೊಂದು ಸಲಿಕೆ ಹಿಮ ಒತ್ತಿದ.

ನಾನು ಅವನನ್ನು ಆಚೆ ಕರೆದು ಬಿಡಿಸಿ ಹೇಳಿದೆ: ಬೆಳಕು, ಸೊಪ್ಪು, ಉಸಿರು. ಗಾರ್ಡಿ ಪೂರ್ತಿ ಕೇಳಿದ.

"ಲಾಯ್ಡ್, ಹುಟ್ಟಿದಾಗಿನಿಂದ ನೀನು ಯಾರಿಗೂ ಮೀನು ಹಿಡೀಬೇಡಿ ಅಂದಿಲ್ಲ. ಒಳಗೆ ಏನೋ ವ್ಯವಹಾರ ಇದೆ. ಆ ಬಂಡೆ ಹತ್ರ ಏನು ಮಾರ್ತಿದ್ದೀಯಾ?"

ಇಷ್ಟು ವರ್ಷ ಸಂಪಾದಿಸಿದ ಹೆಸರು ಬೇಕಾದಾಗ ಹೀಗೆ ಕೈಹಿಡಿಯಿತು. ಇಲಾಖೆಯ ಹುಡುಗಿಯಿಂದಲೇ ಹೇಳಿಸೋಣ ಎಂದೆ ಆರ್ಲಿಸ್‌ಗೆ. ಅವಳು ಗೂಡಿನ ಕಡೆ ನೋಡಿದಳು. ಒಳಗೆ ಮಿಲ್ಲಿನವರು ಡ್ವೇನ್‌ನನ್ನು ನಡುವೆ ಕೂರಿಸಿಕೊಂಡು ಹಳೆಯ ಕಥೆ ಹೇಳುತ್ತಿದ್ದರು. ಅವನು ನಗುತ್ತಿದ್ದ, ಅರ್ಧ ಮುಖದಲ್ಲಿ.

"ಬೇಡ," ಎಂದಳು. "ಬೇಸಿಗೆಯಿಂದ ಒಬ್ಬರೂ ಅವನ ಹತ್ರ ಬಂದು ಕೂತಿರ್ಲಿಲ್ಲ. ಈಗ ಎಬ್ಬಿಸಿ ಕಳಿಸಿದ್ರೆ ಮತ್ತೆ ಬರ್ತಾರಾ?"

ಫೆಬ್ರವರಿಯಲ್ಲಿ ತಳದ ಸೊಪ್ಪು ಕೊಳೆತು ತೂತುಗಳಿಂದ ಕೊಳೆತ ಮೊಟ್ಟೆಯ ವಾಸನೆ ಬಂತು, ಮೀನು ಗಾಳ ಕಚ್ಚುವುದು ನಿಂತಿತು. ಮಿಲ್ಲಿನವರು ನನ್ನ ಎರೆಯ ಮೇಲೆ ಸಂಶಯಪಟ್ಟು, ಒಬ್ಬೊಬ್ಬರಾಗಿ ಬೇರೆ ಸರೋವರಗಳಿಗೆ ಗೂಡು ಎಳೆದುಕೊಂಡು ಹೋದರು. ಹೋಗುವಾಗ ಡ್ವೇನ್‌ನ ಎಡಗೈ ಕುಲುಕಿದರು. ಅವರು ಬಿಟ್ಟುಹೋದ ಹಿಮದ ದಿಣ್ಣೆಗಳು ಅಷ್ಟರಲ್ಲಿ ಕಲ್ಲಾಗಿದ್ದವು. ಆರ್ಲಿಸ್‌ಳ ಹಲಗೆ ಅವಕ್ಕೆ ಬಡಿದು ಬಾಗಿತು, ಅಷ್ಟೆ.

ಮರುದಿನ ಅವಳು ಅಂಗಡಿಗೆ ಬಂದಳು. ಕೈಯಲ್ಲಿ ಸೊಪ್ಪಿರಲಿಲ್ಲ. "ಬಂದು ನೋಡು" ಎಂದಷ್ಟೇ ಹೇಳಿದಳು.

ಗೂಡಿನೊಳಗೆ ತೂತಿನ ತುಂಬ ಮೀನು. ಒಂದರ ಮೇಲೊಂದು ಒತ್ತಿಕೊಂಡು, ಬಾಯಿ ಮೇಲೆತ್ತಿ ಗಾಳಿ ಕಚ್ಚುತ್ತಿದ್ದವು. ಡ್ವೇನ್ ಕೋಲನ್ನು ಪಕ್ಕಕ್ಕಿಟ್ಟಿದ್ದ. ಎಡಗೈಯನ್ನು ನೀರಿನಲ್ಲಿ ಇಳಿಬಿಟ್ಟಿದ್ದ. ಮೀನುಗಳು ಬೆರಳಿಗೆ ತಗಲಿದರೂ ಹೆದರುತ್ತಿರಲಿಲ್ಲ. ಅವನು ತಲೆಯೆತ್ತಿ ಆರ್ಲಿಸ್‌ಳನ್ನು ನೋಡಿದ. ಕಾಡು ನೀರುಗಳ ನಡುವೆ ಬೆಳೆದವನು, ನೀರಿನ ಉಸಿರು ಮುಗಿಯುತ್ತಿದೆಯೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಾಯಿ ತೆರೆದ, ಮುಚ್ಚಿದ. ಅವಳು ಈ ಸಲ ನಗಿಸುವ ಮಾತು ಹುಡುಕಲಿಲ್ಲ. ತೂತಿನ ಅಂಚಿನಲ್ಲಿ ಕಟ್ಟುತ್ತಿದ್ದ ಮಂಜಿನ ಕೆನೆಯನ್ನು ಸೌಟಿನಲ್ಲಿ ತೆಗೆಯುತ್ತ ಕೂತಳು.

ನಾನು ನನ್ನ ಟ್ರಕ್ಕಿಗೆ ಹೋಗಿ, ಎರೆಮೀನಿನ ಬಕೆಟ್ಟಿಗೆ ಗಾಳಿ ಊದುವ ಬ್ಯಾಟರಿ ಡಬ್ಬಿ ತಂದೆ. ಬಕೆಟ್ಟಿಗೆ ಹೇಳಿ ಮಾಡಿಸಿದ್ದು, ಸರೋವರಕ್ಕಲ್ಲ.

"ಇದರಿಂದ ಏನಾಗುತ್ತೆ?" ಎಂದಳು ಆರ್ಲಿಸ್.

"ಏನೂ ಆಗಲ್ಲ."

ಅದರ ಕೊಳವೆಯನ್ನು ತೂತಿಗೆ ಇಳಿಸಿದೆ. ಸಣ್ಣ ಗುಳ್ಳೆಗಳು ಎದ್ದವು. ಮೀನುಗಳು ಆ ಕಡೆ ತಿರುಗಿ ಒತ್ತಿದವು, ಕೊಳವೆ ಪಕ್ಕಕ್ಕೆ ಸರಿಯಿತು. ಡ್ವೇನ್ ಎಡಗೈ ಚಾಚಿ ಅದನ್ನು ನಡುವಿಗೆ ತಂದ. ಮತ್ತೆ ಸರಿಯಿತು, ಮತ್ತೆ ತಂದ. ಆರ್ಲಿಸ್ ಸಂಜೆಯ ಬಸ್ಸಿಗೆ ಹೊರಡುವ ಹೊತ್ತಾದರೂ ಅವನು ಅದನ್ನು ಬಿಡಲಿಲ್ಲ.